ಪಕ್ಕದ ಸೀಟಿನ ಬ್ರೇಕು

ಊರಿನವರು ಅವರನ್ನು ಬ್ರೇಕ್ ಮೇಷ್ಟ್ರು ಅಂತ ಕರೆಯುತ್ತಿದ್ದರು. ಎದುರಿಗೆ ಬರೀ ಮೇಷ್ಟ್ರು, ಬೆನ್ನ ಹಿಂದೆ ಬ್ರೇಕು. ಅವರಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರನ್ನು ನೀವೂ ನೋಡಿರುತ್ತೀರಿ. ಕಲಿಯುವವರ ಕಾಲ ಬುಡದಲ್ಲಿ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬುಡದಲ್ಲಿ ಇನ್ನೊಂದು. ಆ ಎರಡನೆಯ ಬ್ರೇಕಿನ ಮೇಲೆ ಬಲಗಾಲು ಇಟ್ಟುಕೊಂಡೇ ಅವರು ಅರ್ಧ ಆಯುಸ್ಸು ಕಳೆದಿದ್ದರು. ಹಾಗಾಗಿ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪ. ಪ್ಯಾಂಟು ಹೊಲಿಯುವವನು ಅಳತೆ ತಪ್ಪಾಯಿತೇನೋ ಅಂತ ಪ್ರತಿ ಸಲವೂ ಇನ್ನೊಮ್ಮೆ ಟೇಪು ಹಿಡಿಯುತ್ತಿದ್ದ.

ಅವರ ಸ್ಕೂಲು ಅಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು. ಬಿಸಿಲು ಬಿದ್ದೂ ಬಿದ್ದೂ ಅದರ ಕೆಂಪೆಲ್ಲ ಗುಲಾಬಿಯಾಗಿತ್ತು. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಹಳೇ ಸ್ಟೀರಿಂಗು, ಅದರ ಕೆಳಗೆ ಪೆಡಲುಗಳು. ಹೊಸಬರು ಮೊದಲು ಇಲ್ಲಿ ಕೂತು, ಎಲ್ಲಿಗೂ ಹೋಗದ ಕಾರನ್ನು ಓಡಿಸಬೇಕು. "ಗುದ್ದೋದಿದ್ರೆ ಇಲ್ಲೇ ಗುದ್ದಿಬಿಡಿ, ಗೋಡೆ ಓನರದ್ದು," ಅನ್ನುತ್ತಿದ್ದರು ಮೇಷ್ಟ್ರು. ಮೇಜಿನ ಎದುರು ಅವರಷ್ಟು ಒಳ್ಳೆಯ ಮನುಷ್ಯ ಇಲ್ಲ. ಕಾರಿನೊಳಗೆ ಕೂತರೋ, ಕತೆಯೇ ಬೇರೆ. ಅಲ್ಲಿ ಕಾಲಿನ ಜೊತೆ ಬಾಯೂ ಸೇರಿಕೊಳ್ಳುತ್ತಿತ್ತು. "ಬ್ರೇಕ್!" ಅಂತ ಒಂದು ಕೂಗು ಹಾಕಿದರೆ ಕಲಿಯುವವರು ಮಾತ್ರವಲ್ಲ, ಪಕ್ಕದಲ್ಲಿ ಹೋಗುತ್ತಿದ್ದ ಸ್ಕೂಟರಿನವನೂ ಗಕ್ಕನೆ ನಿಲ್ಲುತ್ತಿದ್ದ. ಅವನೂ ಒಂದು ಕಾಲಕ್ಕೆ ಇವರ ಶಿಷ್ಯನೇ ಆಗಿರುತ್ತಿದ್ದ.

ಕಾರಿನಿಂದ ಇಳಿದ ಮೇಲೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕೆಳಗೆ ಒತ್ತುತ್ತಿತ್ತು. ಟಿ.ವಿ.ಯಲ್ಲಿ ಕಳ್ಳರ ಕಾರನ್ನು ಪೊಲೀಸರು ಅಟ್ಟಿಸಿಕೊಂಡು ಹೋದರೆ ಸೋಫಾದ ಮುಂದಿನ ಚಾಪೆ ಮುದ್ದೆಯಾಗುತ್ತಿತ್ತು. "ರೀ, ಬಿಟ್ಬಿಡಿ, ಅವರನ್ನ ನಿರ್ದೇಶಕರು ನೋಡ್ಕೋತಾರೆ," ಅನ್ನುತ್ತಿದ್ದರು ಹೆಂಡತಿ. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ದಿನವೆಲ್ಲ ಜನರ ಕೆಮ್ಮು, ನೆಗಡಿ, ಗೊಣಗಾಟ ಕೇಳಿ ಕೇಳಿ ಯಾವುದಕ್ಕೂ ಗಾಬರಿಯಾಗದ ಸ್ವಭಾವ ಬಂದುಬಿಟ್ಟಿತ್ತು. ಅದು ಇದ್ದದ್ದಕ್ಕೇ ಆ ಮನೆ ನಡೆಯಿತು ಅನ್ನಿ.

ನಡೆಯದೇ ಇದ್ದದ್ದು ಅಪ್ಪ ಮಗಳ ನಡುವಿನ ಮಾತು. ಒಬ್ಬಳೇ ಮಗಳು. ಲೈಸೆನ್ಸಿನ ವಯಸ್ಸಾದಾಗ ಅಪ್ಪನೇ ಕಲಿಸಬೇಕು ಅಂತ ಹಟ ಹಿಡಿದಿದ್ದಳು, ಪಾಪ, ಅವಳಿಗೇನು ಗೊತ್ತು! ಒಂದು ಸಂಜೆ ದೊಡ್ಡ ಸಿಗ್ನಲ್ಲಿನ ಹತ್ತಿರ ದೀಪ ಕೆಂಪಾಯಿತು. ಹುಡುಗಿ ನೋಡಿದಳು, ತಾನಾಗಿ ನಿಧಾನಕ್ಕೆ ಬ್ರೇಕ್ ಹಾಕಿದಳು. ಸರಿಯಾಗಿಯೇ ಹಾಕಿದಳು. ಮೇಷ್ಟ್ರಿಗೆ ಅಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. "ಬ್ರೇಕ್!" ಅಂತ ಅರಚಿ ತಮ್ಮ ಬ್ರೇಕನ್ನೂ ಪೂರ್ತಿ ಒತ್ತಿದರು. ಕಾರು ಮುಗ್ಗರಿಸಿ ನಿಂತಿತು, ಹಿಂದಿನ ವ್ಯಾನು ಬಂದು ಢಮಾರ್ ಅಂತ ಗುದ್ದಿತು. ಮಗಳು ಸೀಟ್ ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು, ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಮನೆಗೆ ನಡೆದು ಹೋದಳು.

ಆಮೇಲೆ ಅವಳು ಸ್ಟೀರಿಂಗು ಮುಟ್ಟಲಿಲ್ಲ. ಅಪ್ಪನ ಜೊತೆ ಮಾತೂ ಹಾಗೇ ನಿಂತುಹೋಯಿತು. ಜಗಳವೇನಿಲ್ಲ, ಒಂದೇ ಮನೆ, ಒಂದೇ ಊಟದ ಮೇಜು. ಆದರೆ ಎಲ್ಲವೂ ಅಮ್ಮನ ಮೂಲಕ. "ಅಮ್ಮ, ಅಪ್ಪಂಗೆ ಹೇಳು, ಪೇಪರ್ ಓದಿ ಆಗಿದ್ರೆ ಕೊಡೋಕೆ." ಪೇಪರು ಅಪ್ಪನ ಕೈಯಲ್ಲೇ ಇರುತ್ತಿತ್ತು, ಅಪ್ಪ ಅವಳ ಎದುರಿಗೇ ಇರುತ್ತಿದ್ದರು. ಅಮ್ಮ ಅದನ್ನು ಈ ಕೈಯಿಂದ ಇಸಿದುಕೊಂಡು ಆ ಕೈಗೆ ಕೊಡುತ್ತಿದ್ದರು. ಹುಡುಗಿ ಓದು ಮುಗಿಸಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಸಂಬಳ ಬಂತು, ಕೂದಲು ಕತ್ತರಿಸಿಕೊಂಡಳು, ಹೊಸ ಕನ್ನಡಕ ಬಂತು. ಮಾತು ಮಾತ್ರ ಬರಲಿಲ್ಲ. ಮೇಷ್ಟ್ರಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ಕ್ಷಮಿಸು ಅನ್ನೋಣ ಅಂತ ಎಷ್ಟೋ ಸಲ ಬಾಯಿ ತೆರೆದಿದ್ದರು. ಕಾರಿನಲ್ಲಿ ಅಷ್ಟು ಜೋರಾಗಿ ಬರುವ ಬಾಯಿ ಮನೆಯಲ್ಲಿ ಕೈ ಕೊಡುತ್ತಿತ್ತು.

ಅದಿರಲಿ, ಮೇಷ್ಟ್ರ ಟ್ರಯಥ್ಲಾನ್ ಪಂದ್ಯದ ಕಡೆ ಬರೋಣ. ಮೇಷ್ಟ್ರು ಅದಕ್ಕೆ ಹೋದದ್ದು ಸಾಹಸಕ್ಕಲ್ಲ, ಸೊಂಟನೋವಿಗೆ. ದಿನವಿಡೀ ಕೂತು, ಒಂದೇ ಕಾಲು ಒತ್ತಿ ಒತ್ತಿ, ಸೊಂಟ ಒಂದು ಕಡೆಗೆ ವಾಲಿಕೊಂಡಿತ್ತು. ಡಾಕ್ಟರು ಈಜಲು ಹೋಗಿ ಅಂದರು. ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ, ಐವತ್ತು ತುಂಬುವ ಹೊತ್ತಿಗೆ ಹೊಸದಾಗಿ ಕಲಿಯಲು ನಾಚಿಕೆ. ಹೆಂಡತಿ ಒಂದು ಚೆಡ್ಡಿ, ಒಂದು ರಬ್ಬರ್ ಟೋಪಿ ತಂದು ಕೈಗಿಟ್ಟು, "ಕಲಿಸೋರಿಗೆ ಕಲಿಯೋ ಕಷ್ಟವೂ ಸ್ವಲ್ಪ ಗೊತ್ತಾಗ್ಲಿ," ಅಂದರು. ಆ ಮಾತಿನ ಚುಚ್ಚು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು.

ಈಜುಕೊಳದಲ್ಲಿ ಕಲಿಸುವಾಕೆಯನ್ನು ನೋಡಿದ ಕೂಡಲೇ ಮೇಷ್ಟ್ರು ಹಿಂದಕ್ಕೆ ತಿರುಗಿ ಹೊರಡುವವರಿದ್ದರು. ಆಕೆ ಇವರ ಹಳೇ ಶಿಷ್ಯೆ. ರಿವರ್ಸ್ ಬರದೆ ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಇವರಿಂದ ಬೈಸಿಕೊಂಡು, ಅತ್ತು, ಕೊನೆಗೆ ಹೇಗೋ ಪಾಸಾದವಳು. ಈಗ ಕತ್ತಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದಳು. "ಬನ್ನಿ ಸರ್, ಬನ್ನಿ," ಅಂದಳು ಬಾಯಿತುಂಬ ನಗುತ್ತಾ. "ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ?"

ಆದರೆ ಆಕೆ ಸೇಡು ತೀರಿಸಿಕೊಳ್ಳಲಿಲ್ಲ. ಒಂದು ಸಲವೂ ದನಿ ಏರಿಸಲಿಲ್ಲ. ಮೇಷ್ಟ್ರು ಮೂಗಿಗೆ ನೀರು ಹೋಗಿ ಕಣ್ಣು ಕೆಂಪು ಮಾಡಿಕೊಂಡು ಎದ್ದು ನಿಂತರೆ, "ಪರವಾಗಿಲ್ಲ ಸರ್, ಇನ್ನೊಂದ್ಸಲ," ಅನ್ನುತ್ತಿದ್ದಳು, ಅಷ್ಟೇ. ಬೈದಿದ್ದರೇ ಅವರಿಗೆ ವಾಸಿಯಿತ್ತು. ನೀರಿನಲ್ಲಿ ಮಲಗಿಸಿದರೆ ಅವರ ಬಲಗಾಲು ಕೆಳಕ್ಕೆ ಒತ್ತುತ್ತಿತ್ತು, ಮನುಷ್ಯ ಬಾಣದ ಹಾಗೆ ಹೋಗುವ ಬದಲು ಸುತ್ತು ಹೊಡೆದು ಹೊರಟ ಗೋಡೆಗೇ ವಾಪಸು ಬರುತ್ತಿದ್ದರು. "ಸರ್, ಆ ಕಾಲು ಬಿಡಿ. ನೀರಲ್ಲಿ ನೀವು ಯಾರನ್ನೂ ನಿಲ್ಲಿಸ್ಬೇಕಾಗಿಲ್ಲ," ಅಂದಳು ಒಂದು ದಿನ. ಅವಳು ಸುಮ್ಮನೆ ಹೇಳಿದ್ದಳು. ಮೇಷ್ಟ್ರು ಅದನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಮೆಲುಕು ಹಾಕಿದರು.

ಈಜು ಬಂತು. ಆಕೆಯೇ ಸೈಕಲ್ ಹುಚ್ಚು ಹಿಡಿಸಿದ್ದು, ಆಕೆಯೇ ಬೆಳಿಗ್ಗೆ ಓಡುವ ಗುಂಪಿಗೆ ಎಳೆದುಕೊಂಡು ಹೋದದ್ದು. ಮೂರೂ ಒಂದರ ಹಿಂದೆ ಒಂದು ಮಾಡುವ ಟ್ರಯಥ್ಲಾನ್ ಅನ್ನುವ ಪಂದ್ಯ ಇದೆ, ಮೊದಲು ಈಜು, ಆಮೇಲೆ ಸೈಕಲ್ಲು, ಕೊನೆಗೆ ಓಟ, ಒಂದು ಕೈ ನೋಡಿ ಸರ್, ಅಂದಳು. ಬಿಗಿ ಬಟ್ಟೆ ಹಾಕಿಕೊಂಡು ಸೈಕಲ್ ಹತ್ತಿದ ಮೇಷ್ಟ್ರನ್ನು ನೋಡಿ ಬೀದಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಾರು ಕಲಿಸುವವನೇ ಸೈಕಲ್ಲಿಗೆ ಇಳಿದ ಮೇಲೆ ಸ್ಕೂಲು ಮುಳುಗಿತು ಅಂತಲೇ ಲೆಕ್ಕ ಅಂದರು ಕೆಳಗಿನ ಜೆರಾಕ್ಸ್ ಅಂಗಡಿಯವರು. "ಆ ಬಟ್ಟೆ ಹಾಕ್ಕೊಂಡು ಮಾತ್ರ ನಮ್ಮ ಅಂಗಡಿ ಮುಂದೆ ಹಾಯ್ಬೇಡಿ, ದಮ್ಮಯ್ಯ," ಅಂದರು ಹೆಂಡತಿ. ಮೇಷ್ಟ್ರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು.

ಮೊದಲ ಪಂದ್ಯ ಚಿಕ್ಕದು. ಕೆರೆಯಲ್ಲಿ ಯಾರದೋ ಮೊಣಕೈ ತಾಗಿ ಈಜು ಕನ್ನಡಕ ಜಾರಿತು, ಈಜಿನಿಂದ ಎದ್ದಾಗ ಅವರ ಹಿಂದೆ ಹೆಚ್ಚು ಜನ ಇರಲಿಲ್ಲ. ತೊಯ್ದ ಕಾಲಿಗೆ ಶೂ ಹಾಕಲು ಒದ್ದಾಡಿ, ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದರು. ಪಂದ್ಯಕ್ಕಾಗಿ ಬೇರೆ ವಾಹನಗಳನ್ನೆಲ್ಲ ನಿಲ್ಲಿಸಿದ್ದರು. ಖಾಲಿ ರಸ್ತೆ. ಪಕ್ಕಕ್ಕೆ ನುಗ್ಗುವ ಆಟೋ ಇಲ್ಲ, ಅಡ್ಡ ಬರುವ ಮುದುಕರಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ, ಸ್ಟೀರಿಂಗ್ ಹಿಡಿದು ನಡುಗುವ ಇನ್ನೊಬ್ಬರಿಲ್ಲ. ಮೇಷ್ಟ್ರು ಪೆಡಲು ತುಳಿದರು. ತುಳಿದಷ್ಟೂ ಮುಂದೆ ಹೋಯಿತು. ಅರೆ, ಅಂದುಕೊಂಡರು. ಇನ್ನೂ ತುಳಿದರು. ಅಷ್ಟು ವರ್ಷ ಬ್ರೇಕು ಒತ್ತಿದ್ದ ಮೀನಖಂಡ ಕೊನೆಗೂ ಬೇರೆ ಕೆಲಸಕ್ಕೆ ಬಂತು, ಒಬ್ಬರಾದ ಮೇಲೆ ಒಬ್ಬರನ್ನು ಹಿಂದೆ ಹಾಕಿದರು. ಓಟದಲ್ಲಿ ಅವರೆಲ್ಲ ಮತ್ತೆ ಇವರನ್ನು ಹಿಂದೆ ಹಾಕಿದರು, ಅದು ಬೇರೆ ಮಾತು.

ಮನೆಗೆ ಬಂದು ಊಟದ ಮೇಜಿನ ಮುಂದೆ ಕುಸಿದು ಕೂತಾಗ ಅವರ ಮುಖ ನೋಡಿ ಹೆಂಡತಿ, "ಏನಾಯ್ತು?" ಅಂದರು.

"ಪಕ್ಕದಲ್ಲಿ ಯಾರೂ ಇರ್ಲಿಲ್ಲ ಕಣೇ," ಅಂದರು ಮೇಷ್ಟ್ರು. "ಯಾರ ತಪ್ಪಿಗೂ ಕಾಯ್ತಾ ಕೂತಿರ್ಬೇಕಾಗಿರ್ಲಿಲ್ಲ. ತಪ್ಪಾದ್ರೆ ನನ್ನದು, ಸರಿಯಾದ್ರೂ ನನ್ನದು. ಎಷ್ಟು ಹಗುರ ಅಂತೀಯಾ!"

ಮಗಳು ಅಲ್ಲೇ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ, ಆದರೆ ಚಾಕು ನಿಂತಿತು. ಅದನ್ನು ನೋಡಿದ್ದು ಅಮ್ಮ. ಮುಂದಿನ ಪಂದ್ಯದ ದಿನ ಆಕೆ, "ನಂಗೆ ಅಂಗಡಿ ಇದೆ, ನಿಮ್ಮಪ್ಪ ಎಲ್ಲಾದ್ರೂ ಬಿದ್ದುಗಿದ್ದು ಹೋದಾರು, ನೀನು ಹೋಗಿ ನಿಂತ್ಕೋ," ಅಂತ ಮಗಳನ್ನು ಅಟ್ಟಿದರು. ಅಂಗಡಿಗೆ ಅವತ್ತು ರಜಾ ಇತ್ತು ಅನ್ನುವುದು ಮೂವರಿಗೂ ಗೊತ್ತಿದ್ದ ವಿಷಯ.

ಹೋಗಿ ನಿಂತವಳು ಸುಮ್ಮನೆ ನಿಂತಳೇ? ಶಾಲೆಯಲ್ಲಿದ್ದಾಗ ಈಜಿನಲ್ಲಿ ಕಪ್ ಗೆದ್ದ ಹುಡುಗಿ ಅದು. ಕೆರೆಯ ದಡದಲ್ಲಿ ನಿಂತು, ಅಪ್ಪ ಕೈಕಾಲು ಬಡಿಯುವುದನ್ನು ನೋಡಿ ಮೊದಲು ನಕ್ಕಳು, ಆಮೇಲೆ ಸುತ್ತಲಿನವರನ್ನು ನೋಡಿ ಒಂಥರಾ ಚಡಪಡಿಸಿದಳು. ಎರಡು ತಿಂಗಳಿಗೆಲ್ಲ ಈಜು ಮೇಡಂ ಹತ್ತಿರ ಹೋಗಿ ಹೆಸರು ಕೊಟ್ಟುಬಂದಳು. ಅಂದು ಸಂಜೆ, ವರ್ಷಗಳ ನಂತರ ಮೊದಲ ಸಲ, ಅಮ್ಮನನ್ನು ದಾಟಿ ನೇರ ಅಪ್ಪನ ಮುಂದೆ ಬಂದು ನಿಂತಳು.

"ನಾನೂ ರೇಸಿಗೆ ಬರ್ತೀನಿ. ನಿನ್ನ ಜೊತೆಗೇ ಪ್ರಾಕ್ಟೀಸ್ ಮಾಡ್ತೀನಿ. ಆದ್ರೆ ಒಂದು ಮಾತು, ಅಪ್ಪ."

"ಹೇಳಮ್ಮ."

"ನನ್ನ ಮೇಲೆ ಕೂಗ್ಬಾರ್ದು. ಬ್ರೇಕ್ ಅನ್ಬಾರ್ದು, ನಿಧಾನ ಅನ್ಬಾರ್ದು, ಹುಷಾರು ಅಂತಾನೂ ಅನ್ಬಾರ್ದು. ಒಂದೇ ಒಂದು ಸಲ ಕೂಗಿದ್ರೂ ಸೈಕಲ್ ಅಲ್ಲೇ ಬಿಟ್ಟು ಮನೆಗೆ ಹೋಗ್ತೀನಿ. ಆಮೇಲೆ ನೀನ್ಯಾರೋ ನಾನ್ಯಾರೋ."

ಅವಳು ಹೋಗುತ್ತಾಳೆ ಅನ್ನುವುದರಲ್ಲಿ ಮೇಷ್ಟ್ರಿಗೆ ಅನುಮಾನವೇ ಇರಲಿಲ್ಲ. ಆಗಲಿ ಅಂದರು. ಅಂದ ಮೇಲೆ ಬೆವರು ಒರೆಸಿಕೊಂಡರು.

ಮಾತು ಉಳಿಸಿಕೊಳ್ಳುವುದು ಅಂದರೆ ಏನು ಅಂತ ಆಮೇಲೆ ಗೊತ್ತಾಯಿತು. ಬೆಳಬೆಳಿಗ್ಗೆ ಇಬ್ಬರೂ ಸೈಕಲ್ ಹೊಡೆಯುತ್ತಿದ್ದರು, ಮಗಳು ಮುಂದೆ, ಅಪ್ಪ ಹಿಂದೆ. ಹುಡುಗಿಗೆ ಇಳಿಜಾರು ಕಂಡರೆ ಎಲ್ಲಿಲ್ಲದ ಆಸೆ. ಒಂದು ತಿರುವಿನಲ್ಲಿ ನಾಯಿ ಅಡ್ಡ ಬಂದಾಗ ಮೇಷ್ಟ್ರ ಬಾಯಿಂದ "ಬ್ರ್" ಅನ್ನುವಷ್ಟು ಹೊರಬಿದ್ದೇಬಿಟ್ಟಿತು. ಮಿಕ್ಕದ್ದನ್ನು ಹೇಗೋ ಕೆಮ್ಮಾಗಿ ತಿರುಗಿಸಿದರು. ಮಗಳು ನಾಯಿಯನ್ನು ಸಲೀಸಾಗಿ ಬಳಸಿಕೊಂಡು ಹೋಗಿ, ಮುಂದೆ ನಿಂತು ತಿರುಗಿ ನೋಡಿದಳು.

"ಏನದು?"

"ಕೆಮ್ಮು."

"ಕೆಮ್ಮೇನಾ?"

"ಕೆಮ್ಮೇ. ಬೇಕಾದ್ರೆ ನಿಮ್ಮಮ್ಮನ್ನ ಕೇಳು, ಔಷಧಿ ಕೊಡ್ತಾಳೆ."

ಅವಳು ಕಿಸಕ್ಕನೆ ನಕ್ಕುಬಿಟ್ಟಳು. ಆ ನಗು ಕೇಳಿ ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಾಯಿಗೆ ಇನ್ನೂ ಭದ್ರವಾಗಿ ಬೀಗ ಹಾಕಿಕೊಂಡರು. ಹೀಗೆ ಎರಡು ವರ್ಷ ಕಳೆಯಿತು. ಪಂದ್ಯದಿಂದ ಪಂದ್ಯಕ್ಕೆ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋದರು. ಒಬ್ಬರ ಚಕ್ರಕ್ಕೆ ಇನ್ನೊಬ್ಬರು ಗಾಳಿ ಹಾಕಿದರು. ಯಾವಾಗಲೂ ಒಂದೇ ಆಟ: ನೀರಿನಲ್ಲಿ ಮಗಳು ಎಷ್ಟೋ ಮುಂದೆ, ಸೈಕಲ್ಲಿನಲ್ಲಿ ಅಪ್ಪ ಬೆನ್ನಟ್ಟಿ ಹಿಡಿಯುವುದು, ಓಟದಲ್ಲಿ ಮಗಳು ಮತ್ತೆ ಕೈಗೆ ಸಿಗದೆ ಹೋಗುವುದು. ಊಟದ ಮೇಜಿನ ಮೇಲೆ ಈಗ ಮಾತೋ ಮಾತು, ಅಮ್ಮನಿಗೇ ಬಾಯಿ ಹಾಕಲು ಜಾಗ ಸಿಗುತ್ತಿರಲಿಲ್ಲ. "ನೀವಿಬ್ರೂ ಮಾತಾಡದೇ ಇದ್ದಾಗ್ಲೇ ಮನೆ ತಣ್ಣಗಿತ್ತು," ಅನ್ನುತ್ತಿದ್ದರು ಆಕೆ. ಹೇಳುವಾಗಿನ ಮುಖ ಮಾತ್ರ ಬೇರೆಯೇ ಇರುತ್ತಿತ್ತು.

ಪಂದ್ಯವೆಂದರೆ ಅಪ್ಪನಿಗೆ ಹಗುರಾಗುವ ಸಂತೋಷ. ಮಗಳಿಗೆ ಅಷ್ಟು ಸಾಲುತ್ತಿರಲಿಲ್ಲ, ಅವಳಿಗೆ ಗೆಲ್ಲಬೇಕಿತ್ತು. ಮುಂದಿರುವ ಬೆನ್ನು ಕಂಡರೆ ಅವಳ ಮುಖವೇ ಬದಲಾಗುತ್ತಿತ್ತು. ಅಂಥವಳಿಗೆ ಆ ವರ್ಷ ಒಂದು ಅವಕಾಶ ಬಂತು. ಅಣೆಕಟ್ಟಿನ ಹತ್ತಿರದ ಪಂದ್ಯದಲ್ಲಿ ಹೆಂಗಸರಲ್ಲಿ ಮೊದಲ ಮೂವರಾಗಿ ಬಂದವರನ್ನು ದೇಶದ ದೊಡ್ಡ ಪಂದ್ಯಕ್ಕೆ ಕಳಿಸುತ್ತಾರೆ. ನಾಲ್ಕನೆಯವರಿಗೆ ಚಪ್ಪಾಳೆ. ಅವಳು ಲ್ಯಾಬಿನಲ್ಲಿ ರಜೆ ಬೇಡಿ, ಪಾಳಿ ಬದಲಿಸಿಕೊಂಡು, ನಿದ್ದೆ ಕೆಟ್ಟು, ಹಲ್ಲು ಕಚ್ಚಿ ತಯಾರಾದಳು. ಮೇಷ್ಟ್ರಿಗೂ ಅದೇ ಪಂದ್ಯದಲ್ಲಿ ಹೆಸರಿತ್ತು, ತಮ್ಮ ವಯಸ್ಸಿನವರ ಗುಂಪಿನಲ್ಲಿ. ತಮ್ಮ ಸ್ಥಾನದ ಬಗ್ಗೆ ಅವರು ತಲೆ ಕೆಡಿಸಿಕೊಳ್ಳಲೇ ಇಲ್ಲ. ಅವಳು ಮೂರರೊಳಗೆ ಬರಲಿ, ನನ್ನ ಬಾಯಿ ಮುಚ್ಚಿರಲಿ ಅಂತ, ಇಷ್ಟೇ ಅವರು ಬೇಡಿಕೊಂಡದ್ದು.

ಹಿಂದಿನ ಸಂಜೆ ಮಳೆ ಬಿದ್ದು ಬೆಳಿಗ್ಗೆ ನೀರು ತಣ್ಣಗೆ ಕೊರೆಯುತ್ತಿತ್ತು. ಎಲ್ಲರೂ ಒಟ್ಟಿಗೇ ಧುಮುಕಿದರು. ಮಗಳು ನೀರಿನಿಂದ ಎದ್ದಾಗ ಹೆಂಗಸರಲ್ಲಿ ಎರಡನೆಯವಳು. ಸೈಕಲ್ ಏರಿ ಗುಡ್ಡದ ರಸ್ತೆಗೆ ತಿರುಗಿದಳು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಒಬ್ಬಳು ಅವಳನ್ನು ದಾಟಿದಳು, ಇವಳು ಮೂರನೆಯವಳಾದಳು. ನಾಲ್ಕನೆಯವಳು ಕೆಳಗಿನ ತಿರುವಿನಲ್ಲಿ ಕಾಣುವಷ್ಟು ಹತ್ತಿರ ಇದ್ದಳು. ಮೇಷ್ಟ್ರು ಏದುಸಿರು ಬಿಡುತ್ತಾ ಆ ನಾಲ್ಕನೆಯವಳನ್ನು ದಾಟಿ, ಗುಡ್ಡದ ನೆತ್ತಿಗೆ ಬರುವ ಹೊತ್ತಿಗೆ ಮಗಳ ಹಿಂದೆ ಬಂದಿದ್ದರು. ಮುಂದಿನವರ ಗಾಳಿಮರೆಯಲ್ಲಿ ಹೋಗಬಾರದು, ನಡುವೆ ಇಷ್ಟು ಅಂತರ ಬಿಡಬೇಕು ಅನ್ನುವುದು ಆ ಪಂದ್ಯದ ನಿಯಮ. ಆ ಅಂತರ ಬಿಟ್ಟು ಹಿಂದೆಯೇ ನಿಂತರು. ದಾಟಬಹುದಿತ್ತು. ಯಾಕೋ ಅವತ್ತು ಅವಳ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ನೆತ್ತಿಯಿಂದ ಆಚೆ ಉದ್ದನೆಯ ಇಳಿಜಾರು, ಅದರ ಕೊನೆಗೆ ಎಡಕ್ಕೆ ಬಿಗಿಯಾದ ತಿರುವು. ರಸ್ತೆ ಇನ್ನೂ ಒಣಗಿರಲಿಲ್ಲ, ಅಂಚಿನಲ್ಲಿ ಮಳೆಗೆ ಕೊಚ್ಚಿ ಬಂದ ಜಲ್ಲಿ. ತಿರುವಿಗೆ ಮುಂಚೆ ಎಲ್ಲರೂ ಬ್ರೇಕ್ ಹಿಡಿಯುತ್ತಿದ್ದರು. ಮಗಳು ಹಿಡಿಯಲಿಲ್ಲ. ಹ್ಯಾಂಡಲ್ ಮೇಲೆ ಬಗ್ಗಿ, ಮೊಣಕೈ ಒಳಗೆ ಎಳೆದುಕೊಂಡು ಇನ್ನೂ ಒಂದೆರಡು ಸಲ ತುಳಿದಳು.

ಮೇಷ್ಟ್ರ ಕೂಗು ನಾಭಿಯಿಂದ ಎದ್ದು ಗಂಟಲಿಗೆ ಬಂತು, ಹಲ್ಲಿನ ತನಕ ಬಂತು. ಅವರು ಹಲ್ಲು ಕಚ್ಚಿದರು. ನಾಲಿಗೆಗೆ ಗಾಯವಾಗುವಷ್ಟು ಕಚ್ಚಿದರು. ಈಗ ಹಿಡಿಯುತ್ತಾಳೆ, ಈಗ ಹಿಡಿಯುತ್ತಾಳೆ ಅಂದುಕೊಂಡರು. ಅವಳು ಹಿಡಿಯಲಿಲ್ಲ. ಬಾಯಿ ಮಾತು ಉಳಿಸಿಕೊಂಡಿತು, ಸರಿ. ಕೈಗೆ ಯಾರು ಹೇಳಬೇಕು? ಅವಳು ಹಾಕದ ಬ್ರೇಕನ್ನು ಮೇಷ್ಟ್ರ ಎರಡೂ ಕೈ ಸೇರಿ ಗಟ್ಟಿಯಾಗಿ ಹಾಕಿದವು.

ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಒತ್ತಿದಾಗಲೆಲ್ಲ ನಿಂತದ್ದು ಇನ್ನೊಬ್ಬರ ಗಾಡಿ. ಇಲ್ಲಿ ಇದ್ದದ್ದು ತಮ್ಮದೇ ಸೈಕಲ್ಲು. ಮುಂದಿನ ಚಕ್ರ ಗಕ್ಕನೆ ಕಚ್ಚಿಕೊಂಡಿತು, ಮೇಷ್ಟ್ರು ಹ್ಯಾಂಡಲ್ ದಾಟಿ ಗಾಳಿಯಲ್ಲಿ ಹಾರಿದರು. ಹಾರುವಾಗ ಅವರಿಗೆ ಕಂಡದ್ದು ಒಂದೇ: ಮಗಳು ಸೈಕಲ್ಲನ್ನು ಒಂದು ಪಕ್ಕಕ್ಕೆ ಬಾಗಿಸಿ, ಜಲ್ಲಿಯನ್ನು ತಪ್ಪಿಸಿ, ತಿರುವನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದುಕೊಂಡು ಹೋದದ್ದು. ಒಂದಿಷ್ಟೂ ತಪ್ಪು ಮಾಡಲಿಲ್ಲ ಹುಡುಗಿ. ಆಮೇಲೆ ಬಲಭುಜ ರಸ್ತೆಗೆ ಬಡಿಯಿತು, ಸೈಕಲ್ಲು ಕರ್ಕಶವಾಗಿ ಸದ್ದು ಮಾಡುತ್ತಾ ಪಕ್ಕದ ಚರಂಡಿಯ ತನಕ ಉಜ್ಜಿಕೊಂಡು ಹೋಯಿತು.

ಮೇಷ್ಟ್ರು ಬಿದ್ದಲ್ಲೇ ಬಿದ್ದಿದ್ದರು. ನೋವು ಅಂದರೆ ಅಷ್ಟಿಷ್ಟಲ್ಲ, ಕಣ್ಣು ಕತ್ತಲಿಟ್ಟಿತು. ಅಮ್ಮಾ ಅಂತ ಅರಚಿಕೊಳ್ಳುವುದು ಮನುಷ್ಯನ ಸಹಜ ಗುಣ. ಅವರು ಅದನ್ನೂ ನುಂಗಿಕೊಂಡರು. ಅವಳು ತಿರುವಿನಾಚೆ ಇನ್ನೂ ದೂರ ಹೋಗಿರುವುದಿಲ್ಲ, ಕೇಳಿಸಿದರೆ ನಿಂತುಬಿಡುತ್ತಾಳೆ, ನಿಂತರೆ ಎಲ್ಲ ಹೋಯಿತು. ಸ್ವಲ್ಪ ಹೊತ್ತಿಗೆ ನಾಲ್ಕನೆಯವಳು ಬ್ರೇಕ್ ಹಿಡಿದು, "ಅಯ್ಯೋ ಅಂಕಲ್" ಅಂದು, ನಿಧಾನ ಮಾಡಿದಳು. ಮೇಷ್ಟ್ರು ಎಡಗೈ ಎತ್ತಿ, ಹೋಗು ಹೋಗು ಅಂತ ಸನ್ನೆ ಮಾಡಿದರು. ಮಾಡಿದ ಮೇಲೆ, ಯಾಕಾದರೂ ಹೋಗು ಅಂದೆನೋ, ಒಂದು ನಿಮಿಷ ಮಾತಿಗೆ ಹಿಡಿದು ನಿಲ್ಲಿಸಿಕೊಳ್ಳಬಹುದಿತ್ತಲ್ಲ ಅಂತ ಅನ್ನಿಸಿತು. ಅಪ್ಪ ಅಲ್ಲವೇ, ಅನ್ನಿಸದೇ ಇರುತ್ತದೆಯೇ?

ಆಂಬುಲೆನ್ಸ್ ಬಂತು. ಅದರ ಡ್ರೈವರನೂ ಶಿಷ್ಯನೇ, ಬೇರೆ ಯಾರಿರುತ್ತಾರೆ! "ಸರ್, ನೀವಾ!" ಅಂದವನ ಮುಖದಲ್ಲಿ ರಕ್ತವಿಲ್ಲ. ಕಾಲರ್ ಮೂಳೆ ಮುರಿದ ಮೇಷ್ಟ್ರನ್ನು ಹಿಂದೆ ಮಲಗಿಸಿಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು, ಪ್ರತಿ ತಿರುವಿಗೂ ಸಿಗ್ನಲ್ ಹಾಕಿ, ಎತ್ತಿನ ಗಾಡಿಯ ವೇಗದಲ್ಲಿ ಗುಡ್ಡ ಇಳಿದ. "ಸ್ವಲ್ಪ ಬೇಗ ಹೋಗಪ್ಪಾ," ಅಂತ ಮೇಷ್ಟ್ರೇ ಕೇಳಿಕೊಳ್ಳಬೇಕಾಯಿತು. ಅವರ ಬಾಯಲ್ಲಿ ಅಂಥ ಮಾತು ಕೇಳಿ ಅವನು ಕನ್ನಡಿಯಲ್ಲಿ ಒಂದು ಸಲ ಅವರ ಮುಖ ನೋಡಿದ.

ಮುಕ್ತಾಯದ ಗೆರೆಯ ಹತ್ತಿರ ಪ್ರಥಮ ಚಿಕಿತ್ಸೆಯ ಡೇರೆ. ಕೈಗೆ ಜೋಲಿ ಕಟ್ಟಿ ಮಂಚದ ಮೇಲೆ ಕೂರಿಸಿದ್ದರು. ಪಂದ್ಯ ನೋಡಲು ಬಂದಿದ್ದ ಹೆಂಡತಿ ನೋವಿನ ಮಾತ್ರೆ ಬಿಡಿಸಿ ಬಾಯಿಗೆ ಹಾಕಿ, ನೀರು ಕುಡಿಸಿ, ಬಯ್ಯಲು ಶುರುಮಾಡಿದ್ದರು. "ಖಾಲಿ ರಸ್ತೇಲಿ ಅದು ಹೇಗ್ರೀ ಬೀಳ್ತೀರಾ? ಯಾರು ಅಡ್ಡ ಬಂದಿದ್ರು?" ಹೊರಗೆ ಮೈಕಿನವನು ಏನೇನೋ ಕೂಗುತ್ತಿದ್ದ, ಒಂದೂ ತಿಳಿಯುತ್ತಿರಲಿಲ್ಲ.

ಆಗ ಡೇರೆಯ ಪರದೆ ಸರಿಸಿಕೊಂಡು ಮಗಳು ಬಂದಳು. ತೋಳಿನ ಮೇಲೆ ಬರೆದ ನಂಬರು ಬೆವರಿಗೆ ಕದಡಿಹೋಗಿತ್ತು. ಮಂಚದ ಹತ್ತಿರ ಬರದೆ ಬಾಗಿಲಲ್ಲೇ ನಿಂತಳು.

"ಎಷ್ಟನೆಯವಳು?" ಅಂದರು ಮೇಷ್ಟ್ರು.

"ಮೂರು."

"ಹಿಂದಿನವಳು?"

"ಇಲ್ಲಿಂದ ಆ ಕುರ್ಚಿ ತನಕ," ಅಂದಳು.

ಮೇಷ್ಟ್ರು ಕುರ್ಚಿ ನೋಡಿದರು. ಅವಳು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಇತ್ತು. ಅವರ ಮುಖ ಅರಳಿತು, ನೋವು ಕೂಡ ಒಂದು ಗಳಿಗೆ ಮರೆತುಹೋಯಿತು. ಮಗಳ ಮುಖ ಮಾತ್ರ ಅರಳಲಿಲ್ಲ.

"ಅಪ್ಪ, ನೀನು ಬಿದ್ದಿದ್ದು ನಂಗೆ ಕೇಳಿಸ್ತು."

ಅಮ್ಮ ಮಾತ್ರೆಯ ಪಟ್ಟಿ ಮಡಿಸುತ್ತಿದ್ದವರು ನಿಲ್ಲಿಸಿದರು.

"ಸೈಕಲ್ ರಸ್ತೆ ಮೇಲೆ ಉಜ್ಜಿದ ಸದ್ದು. ನಿಂದೇ ಅಂತ ಗೊತ್ತಾಯ್ತು, ಅಷ್ಟು ಹತ್ತಿರ ನನ್ನ ಹಿಂದೆ ಬೇರೆ ಯಾರೂ ಇರ್ಲಿಲ್ಲ. ಎದ್ದಿರ್ತಾನೆ ಅಂದ್ಕೊಂಡೆ. ಇಲ್ಲ, ಸುಳ್ಳು. ಏನೂ ಅಂದ್ಕೊಳ್ಳಿಲ್ಲ. ಕೇಳಿಸ್ತು, ತುಳಿದೆ. ನಿಲ್ಲಲಿಲ್ಲ."

"ಏನೇ ಹೇಳ್ತಿದ್ದೀಯಾ?" ಅಂದರು ಅಮ್ಮ. ಯಾವುದಕ್ಕೂ ಗಾಬರಿಯಾಗದ ಹೆಂಗಸಿನ ದನಿ ಅವತ್ತು ನಡುಗಿತು.

ಮೇಷ್ಟ್ರಿಗೆ ಒಳಗೆ ಚುರ್ರೆಂದಿತು. ಮುರಿದ ಮೂಳೆಗಿಂತ ಹೆಚ್ಚಾಗಿಯೇ ನೋವಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳಿಗೆ ಕೇಳಿಸದಿರಲಿ ಅಂತ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಬಿದ್ದುಕೊಂಡಿದ್ದರು. ಕೇಳಿಸಿತ್ತು. ಅವರು ಮತ್ತೊಂದು ಸಲ ಆ ಕುರ್ಚಿಯ ಕಡೆ ನೋಡಿದರು. ಅವಳು ಒಂದು ಕಾಲು ನೆಲಕ್ಕೂರಿ ಹಿಂತಿರುಗಿ ನೋಡಿದ್ದರೂ ಆ ದೂರ ಮುಗಿದುಹೋಗುತ್ತಿತ್ತು.

"ನಾನಾಗಿದ್ರೂ ನಿಲ್ತಿರ್ಲಿಲ್ಲ," ಅಂದರು.

ಹಸಿ ಸುಳ್ಳು. ಹೆಂಡತಿಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಮಗಳು ಎರಡು ಹೆಜ್ಜೆಗೆ ಬಂದು ಮಂಚದ ಅಂಚಿನಲ್ಲಿ ಕೂತು, ಅವರ ನೆಟ್ಟಗಿದ್ದ ಭುಜಕ್ಕೆ ಹಣೆ ಒತ್ತಿ, ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಒಂದೇ ಕೈಯಲ್ಲಿ ಅವಳ ಒದ್ದೆ ತಲೆ ಸವರಿದರು. ಸವರುತ್ತಾ ಮೈಕಿನ ಕಡೆ ಕಿವಿಗೊಟ್ಟರು. ಹೆಂಗಸರಲ್ಲಿ ಮೊದಲ ಮೂವರು ವೇದಿಕೆಗೆ ಬರಬೇಕು ಅಂತ ಕರೆಯುತ್ತಿದ್ದರು.

"ಕರೀತಿದ್ದಾರೆ ನೋಡು. ಮೂಗು ಒರೆಸ್ಕೊಂಡು ಹೋಗು."

"ನೀನು?"

"ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇರ್ತೀನಿ. ಓಡು."

ಅವಳು ಎದ್ದಳು, ಅಮ್ಮನ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಹೊರಟಳು. ಬಾಗಿಲ ತನಕ ನಡೆದಳು, ಆಮೇಲೆ ಓಡಿದಳು. ತಿರುಗಿ ನೋಡುತ್ತಾಳೇನೋ ಅಂತ ಮೇಷ್ಟ್ರು ಕಾದರು. ನೋಡಲಿಲ್ಲ. ಅವರಿಗೆ ನೋವೂ ಆಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚು ಅಂತ ಕೇಳಿದರೆ ಅವರು ಇವತ್ತಿಗೂ ಹೇಳುವುದಿಲ್ಲ.